ಬಾವುಟಗಳನ್ನು ಅಡ್ಡಡ್ಡ ನೆಡಿ

ಪ್ರಾಜೆಕ್ಟ್ ನಡೆಸುವವರಿಗೆ ಒಂದು ಸಲಹೆ. ದಾರಿ ತಪ್ಪಿಯೇ ತಪ್ಪುತ್ತದೆ ಅಂದುಕೊಂಡು ಪ್ಲ್ಯಾನ್ ಮಾಡಿ. 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೋದ ನಾರ್ವೆಯ ಅಮುಂಡ್ಸೆನ್, ಹೊರಡುವುದಕ್ಕೆ ತಿಂಗಳುಗಳ ಮುಂಚೆಯೇ ದಾರಿಯಲ್ಲಿ 80, 81, 82 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಆಹಾರದ ಡಿಪೋ ಮಾಡಿಟ್ಟಿದ್ದರು. ನನಗೆ ಜಾಸ್ತಿ ಇಷ್ಟವಾಗಿದ್ದು ಅವರು ಗುರುತು ಹಾಕಿದ ರೀತಿ. ಡಿಪೋ ಮೇಲೆ ಸುಮ್ನೆ ಒಂದು ಬಾವುಟ ನೆಟ್ಟು ಬರಲಿಲ್ಲ, ದಾರಿಗೆ ಅಡ್ಡವಾಗಿ ಎಡಕ್ಕೂ ಬಲಕ್ಕೂ ಕಿಲೋಮೀಟರುಗಟ್ಟಲೆ ನಂಬರ್ ಹಾಕಿದ ಬಾವುಟಗಳನ್ನು ನೆಟ್ಟರು, ಮಂಜಿನಲ್ಲಿ ಪಕ್ಕಕ್ಕೆ ಸರಿದರೂ ಒಂದಲ್ಲ ಒಂದು ಸಿಗಬೇಕು, ನಂಬರ್ ನೋಡಿದರೆ ಡಿಪೋ ಯಾವ ಕಡೆ, ಎಷ್ಟು ದೂರ ಅಂತ ತಿಳಿಯಬೇಕು. ಅಮುಂಡ್ಸೆನ್ ಸೇರಿ ಧ್ರುವಕ್ಕೆ ಹೊರಟ ಐವರೂ ಅದನ್ನು ಮುಟ್ಟಿ ಜೀವಂತ ಮರಳಿದರು.

ನೀವೂ ಡೆಡ್‌ಲೈನ್ ಒಂದನ್ನೇ ಬರೆಯಬೇಡಿ. ಎರಡು ದಿನ ತಡವಾದರೆ ಯಾವ ಕೆಲಸ ಕೈಬಿಡಬೇಕು, ವಾರ ತಡವಾದರೆ ಯಾರಿಗೆ ಫೋನ್ ಮಾಡಬೇಕು, ಇದನ್ನೂ ಮೊದಲ ದಿನವೇ ಬರೆದಿಡಿ.