ಮಾಸಾಶನದ ಆಚೆಗೂ ಇರುವ ನೆರವು: ವಿಕಲಚೇತನರ ಕುಟುಂಬದವರು ಪಡೆಯುವುದು ಹೇಗೆ?

ಮನೆಯ ಒಬ್ಬ ಸದಸ್ಯರಿಗೆ ಅಂಗವಿಕಲ ಮಾಸಾಶನ ಮಂಜೂರಾದ ಮೇಲೆ, ಸರ್ಕಾರದಿಂದ ಸಿಗಬೇಕಾದದ್ದೆಲ್ಲ ಸಿಕ್ಕಿತೆಂದು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಅನೇಕ ಕುಟುಂಬಗಳು ಸುಮ್ಮನಾಗುತ್ತವೆ. ಮಾಸಾಶನ ಕೊಡುವ ಕಂದಾಯ ಇಲಾಖೆ, ಆರೋಗ್ಯ ವಿಮೆ ಕೊಡುವ ನ್ಯಾಷನಲ್ ಟ್ರಸ್ಟ್, ಮಕ್ಕಳ ಪಿಂಚಣಿ ಕೊಡುವ ಪಿಎಫ್ ಕಚೇರಿ, ರಿಯಾಯಿತಿ ಕೊಡುವ ರೈಲ್ವೆ, ಇವೆಲ್ಲ ಬೇರೆ ಬೇರೆ ವ್ಯವಸ್ಥೆಗಳು. ಒಂದರಲ್ಲಿ ಹೆಸರು ನೋಂದಣಿಯಾದರೆ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಆದ್ದರಿಂದ ಕುಟುಂಬವೇ ಒಂದೊಂದನ್ನೂ ಕೇಳಿ ಪಡೆಯಬೇಕು, ಅದೂ ಸರಿಯಾದ ಕ್ರಮದಲ್ಲಿ.

ಎಲ್ಲಕ್ಕೂ ಮೊದಲು ಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಮಾಸಾಶನ ಪಡೆಯುವಾಗ ಹಳೆಯ ಪ್ರಮಾಣಪತ್ರವನ್ನಷ್ಟೇ ಕೊಟ್ಟಿದ್ದವರು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಈ ಕಾರ್ಡಿಗೆ ಅರ್ಜಿ ಸಲ್ಲಿಸಬೇಕು. ವೈದ್ಯಕೀಯ ತಪಾಸಣೆ ಮಂಗಳೂರಿನವರಿಗೆ ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ನಡೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದು, ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಬೇಕಾಗುತ್ತದೆ. ಕಾರ್ಡ್ ಕೈಗೆ ಬಂದ ದಿನವೇ ಅದನ್ನು ಬೆಳಕಿಗೆ ಹಿಡಿದು ಓದಿ. ಅಂಗವೈಕಲ್ಯದ ಬಗೆ ಮತ್ತು ಶೇಕಡಾ ಪ್ರಮಾಣ ಸರಿಯಾಗಿವೆಯೇ, ಪ್ರಮಾಣಪತ್ರ ಕಾಯಂ ಆದದ್ದೇ ಅಥವಾ ಮರುತಪಾಸಣೆಯ ದಿನಾಂಕ ಇರುವ ತಾತ್ಕಾಲಿಕವೇ ಎಂಬುದನ್ನು ನೋಡಿ. ಹೆಸರನ್ನಂತೂ ಅಕ್ಷರ ಅಕ್ಷರ ಹೋಲಿಸಬೇಕು. ನಮ್ಮ ಕರಾವಳಿಯಲ್ಲಿ ಒಬ್ಬರೇ ವ್ಯಕ್ತಿ ಶಾಲಾ ದಾಖಲೆಯಲ್ಲಿ ಬರೀ ಇನಿಶಿಯಲ್‌ನೊಂದಿಗೆ, ಆಧಾರ್‌ನಲ್ಲಿ ಪೂಜಾರಿ ಅಥವಾ ಶೆಟ್ಟಿ ಎಂಬ ಉಪನಾಮದೊಂದಿಗೆ, ಪಡಿತರ ಚೀಟಿಯಲ್ಲಿ ಮತ್ತೊಂದು ರೀತಿಯಲ್ಲಿ ನಮೂದಾಗಿರುವುದು ತೀರ ಸಾಮಾನ್ಯ. ಈ ವ್ಯತ್ಯಾಸವನ್ನು ಮೊದಲೇ ಸರಿಪಡಿಸಿಕೊಂಡರೆ ಮುಂದಿನ ಪ್ರತಿ ಕಚೇರಿಯಲ್ಲೂ ಅರ್ಜಿ ವಾಪಸಾಗುವುದು ತಪ್ಪುತ್ತದೆ.

ಎರಡನೆಯದು ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ಇದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ವರ್ಷಕ್ಕೆ ₹1 ಲಕ್ಷದವರೆಗಿನ ವೆಚ್ಚಕ್ಕೆ ರಕ್ಷಣೆ ಇದ್ದು, ಹೊಸ ನೋಂದಣಿಗೆ ಬಿಪಿಎಲ್ ಕುಟುಂಬದವರು ₹250, ಇತರರು ₹500 ಕಟ್ಟಬೇಕು. ವಯಸ್ಸಿನ ಮಿತಿಯಿಲ್ಲ, ವಿಮೆಗೆ ಮುಂಚೆ ವೈದ್ಯಕೀಯ ಪರೀಕ್ಷೆಯೂ ಇಲ್ಲ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ ಮತ್ತು ನಿಯಮಿತ ಥೆರಪಿಗಳೂ ಇದರಲ್ಲಿ ಸೇರುವುದರಿಂದ, ವಾರಕ್ಕೆರಡು ಬಾರಿ ಮಗುವನ್ನು ಫಿಸಿಯೋಥೆರಪಿಗೋ ಸ್ಪೀಚ್ ಥೆರಪಿಗೋ ಕರೆದೊಯ್ಯುವ ಮನೆಗಳಿಗೆ ಇದರಷ್ಟು ಉಪಯುಕ್ತವಾದ ಯೋಜನೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಣ ಮೊದಲು ನೀವೇ ಕೊಟ್ಟು ನಂತರ ಮರುಪಾವತಿ ಪಡೆಯಬೇಕಾದ್ದರಿಂದ ಪ್ರತಿ ಬಿಲ್ಲು, ವೈದ್ಯರ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಡಿ. ವಿಮೆಯನ್ನು ಪ್ರತಿ ವರ್ಷ ನವೀಕರಿಸುವುದನ್ನೂ ಮರೆಯಬಾರದು.

ಪ್ರಯಾಣದ ರಿಯಾಯಿತಿಯಲ್ಲಿ ನಮ್ಮ ಎರಡು ಜಿಲ್ಲೆಗಳಿಗೆ ಒಂದು ತೊಡಕಿದೆ. ಕೆಎಸ್ಆರ್‌ಟಿಸಿಯ ರಿಯಾಯಿತಿ ಪಾಸ್ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ಸಿಗುತ್ತದೆಯಾದರೂ ಅದು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ಇಲ್ಲಿನ ಹೆಚ್ಚಿನ ಸಿಟಿ ಮತ್ತು ಸರ್ವಿಸ್ ಬಸ್ಸುಗಳು ಖಾಸಗಿಯವು. ಹೀಗಾಗಿ ನೀವು ಪದೇ ಪದೇ ಹೋಗುವ ದಾರಿಯಲ್ಲಿ ಸರ್ಕಾರಿ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನೋಡಿಕೊಂಡು ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಿ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಶೇ 75ರಷ್ಟು ರಿಯಾಯಿತಿಯಿದ್ದು, ಜೊತೆಗೆ ಹೋಗುವ ಒಬ್ಬರಿಗೂ ಅದೇ ದರ ಅನ್ವಯಿಸುತ್ತದೆ. ಇದಕ್ಕೆ ರೈಲ್ವೆ ನೀಡುವ ಗುರುತಿನ ಚೀಟಿ ಮಾಡಿಸಿಟ್ಟುಕೊಂಡರೆ ಮನೆಯಿಂದಲೇ ಆನ್‌ಲೈನ್ ಟಿಕೆಟ್ ಕಾಯ್ದಿರಿಸಬಹುದು.

ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ಮುಖ್ಯ ಶಿಕ್ಷಕರೊಂದಿಗೆ ವರ್ಷದ ಆರಂಭದಲ್ಲೇ ಮಾತನಾಡಿ. ಎಸ್ಸೆಸ್ಸೆಲ್ಸಿಯಲ್ಲಿ ಬರಹಗಾರರ ಸಹಾಯ ಮತ್ತು ಹೆಚ್ಚುವರಿ ಸಮಯ ಬೇಕಿದ್ದರೆ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು.

ಮಗುವಿಗೆ 18 ತುಂಬುವ ಮೊದಲು ತಂದೆತಾಯಿ ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಹದಿನೆಂಟಾದ ಮೇಲೆ ಕಾನೂನಿನ ದೃಷ್ಟಿಯಲ್ಲಿ ತಾಯಿಯೂ ತಾನಾಗಿ ಪಾಲಕಿಯಾಗಿ ಉಳಿಯುವುದಿಲ್ಲ. ಸ್ವಂತವಾಗಿ ಸಹಿ ಮಾಡಿ ವ್ಯವಹರಿಸಲಾಗದ ಮಗ ಅಥವಾ ಮಗಳ ಬ್ಯಾಂಕ್ ಖಾತೆ ನಡೆಸಲು ಪಾಲಕತ್ವ ಪ್ರಮಾಣಪತ್ರ ಬೇಕಾಗುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ವ್ಯಾಪ್ತಿಗೆ ಬರುವ, ಮೇಲೆ ಹೇಳಿದ ನಾಲ್ಕು ಬಗೆಯ ಅಂಗವೈಕಲ್ಯಗಳಿಗೆ ಇದನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ನೀಡುತ್ತದೆ. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು. ಅರ್ಜಿಯಿಂದ ಆದೇಶದವರೆಗೆ ಸಮಯ ಹಿಡಿಯುವುದರಿಂದ ಹುಟ್ಟುಹಬ್ಬಕ್ಕೆ ಕೆಲವು ತಿಂಗಳ ಮುಂಚೆಯೇ ದಾಖಲೆಗಳನ್ನು ಸಿದ್ಧಮಾಡಿಕೊಳ್ಳುವುದು ಒಳ್ಳೆಯದು.

ಬೀಡಿ ಕಟ್ಟುವ ತಾಯಂದಿರಿರುವ ಮನೆಗಳಿಗೆ ಇನ್ನೊಂದು ಹಕ್ಕಿದೆ, ಅದರ ಬಗ್ಗೆ ತಿಳಿದವರು ಕಡಿಮೆ. ಕಂಪನಿಯ ಮೂಲಕ ಪಿಎಫ್ ಇರುವ ಬೀಡಿ ಕಾರ್ಮಿಕರು 1995ರ ನೌಕರರ ಪಿಂಚಣಿ ಯೋಜನೆಯ ಸದಸ್ಯರಾಗಿರುತ್ತಾರೆ. ಸದಸ್ಯರು ತೀರಿಕೊಂಡರೆ ಸಾಮಾನ್ಯವಾಗಿ ಮಕ್ಕಳ ಪಿಂಚಣಿ 25 ವರ್ಷ ವಯಸ್ಸಿಗೆ ನಿಲ್ಲುತ್ತದೆ. ಆದರೆ ಕಾಯಂ ಆಗಿ ಸಂಪೂರ್ಣ ಅಂಗವೈಕಲ್ಯವಿರುವ ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಅದು ಮುಂದುವರಿಯುತ್ತದೆ. ತಮ್ಮ ನಂತರ ಮಗುವಿನ ಗತಿಯೇನು ಎಂಬ ಚಿಂತೆಯಲ್ಲೇ ದಿನ ದೂಡುವ ತಾಯಂದಿರಿಗೆ ಇದು ದೊಡ್ಡ ಆಸರೆ. ಪಿಎಫ್ ದಾಖಲೆಯ ಕುಟುಂಬದ ವಿವರದಲ್ಲಿ ಆ ಮಗುವಿನ ಹೆಸರು ಇದೆಯೇ ಎಂದು ಇಂದೇ ಪರಿಶೀಲಿಸಿ. ಮುಂದೆ ಅರ್ಜಿ ಹಾಕುವವರಿಗೆ ಆಧಾರವಾಗುವುದು ಆ ಒಂದು ನಮೂದು.

ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದರೆ 80ಡಿಡಿ ಎಂದು ಪರಿಚಿತವಾದ ವಿನಾಯಿತಿಯನ್ನು ನೋಡಿ. ಅವಲಂಬಿತರಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿದ್ದರೆ ₹75,000, ಶೇ 80 ಅಥವಾ ಹೆಚ್ಚಿದ್ದರೆ ₹1.25 ಲಕ್ಷ ಕಡಿತ ಸಿಗುತ್ತದೆ, ಆದರೆ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದವರಿಗೆ ಪ್ರತ್ಯೇಕ ಮಾಸಾಶನದ ವ್ಯವಸ್ಥೆಯಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಆ ವಿಷದ ಫಲವನ್ನು ಕೊಕ್ಕಡ, ಪಟ್ರಮೆ ಭಾಗದ ಮನೆಗಳು ಇಂದಿಗೂ ಅನುಭವಿಸುತ್ತಿವೆ. ಬಾಧಿತರೆಂದು ಇನ್ನೂ ಗುರುತಿಸಲ್ಪಡದವರು ಸಾಮಾನ್ಯ ಮಾಸಾಶನ ಬರುತ್ತಿದೆಯೆಂದು ಬಿಡದೆ ಆರೋಗ್ಯ ಇಲಾಖೆಯಲ್ಲಿ ತಪಾಸಣೆಗೆ ಕೇಳಬೇಕು.

ಇಷ್ಟಕ್ಕೆಲ್ಲ ಓಡಾಡುವವರು ಯಾರು ಎಂಬ ಪ್ರಶ್ನೆ ಸಹಜ. ಗ್ರಾಮ ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದು, ಅರ್ಜಿ ತುಂಬಲು ನೆರವಾಗುವುದು ಅವರ ಕರ್ತವ್ಯದ ಭಾಗ. ವಿಕಲಚೇತನರಿಗಾಗಿ ಪಂಚಾಯತ್ ಮೀಸಲಿಡಬೇಕಾದ ಶೇ 5ರ ನಿಧಿಯ ಬಗ್ಗೆಯೂ ಅವರಲ್ಲಿ ಕೇಳಿ. ಗ್ರಾಮಸಭೆಯಲ್ಲಿ ನೇರವಾಗಿ ಪ್ರಸ್ತಾಪಿಸಲೂಬಹುದು. ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಹಕ್ಕು ನಿರಾಕರಿಸಲಾಗಿದೆ ಎನಿಸಿದರೆ ಆ ಎರಡು ಕಾಗದಗಳನ್ನು ಲಗತ್ತಿಸಿ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು.