ಅಂತರ್ಯುದ್ಧದ ಸರ್ಕಾರಿ ಸುದ್ದಿಯನ್ನು ಓದುವುದು ಹೇಗೆ?

ಅಂತರ್ಯುದ್ಧ ನಡೆಯುತ್ತಿರುವ ದೇಶದ ಸರ್ಕಾರಿ ಟಿವಿಯೋ ಪತ್ರಿಕೆಯೋ ಏನಾದರೂ ಹೇಳಿದರೆ ನಾವು ಒಂದೋ ಪೂರ್ತಿ ನಂಬುತ್ತೇವೆ, ಇಲ್ಲವೇ ‘ಎಲ್ಲ ಸುಳ್ಳು’ ಎಂದು ಪಕ್ಕಕ್ಕೆ ಸರಿಸುತ್ತೇವೆ. ಎರಡೂ ನಷ್ಟವೇ. ಒಂದೇ ವರದಿಯಲ್ಲಿ ಒಂದು ಸಾಲು ನಿಜ ಇರುತ್ತದೆ, ಅದರ ಪಕ್ಕದ ಸಾಲು ಇರುವುದಿಲ್ಲ. ಬಿಡಿಸಿ ನೋಡಲು ಕಲಿಯಬೇಕು, ಅಷ್ಟೇ. ಉದಾಹರಣೆಗೆ ಶ್ರೀಲಂಕಾ ಸರ್ಕಾರಕ್ಕೂ, ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಗೂ (ತಮಿಳು ಹುಲಿಗಳು) ನಡೆದ ಯುದ್ಧದ ಕೊನೆಯ ಐದು ತಿಂಗಳನ್ನು, ಅಂದರೆ 2009ರ ಜನವರಿಯಿಂದ ಮೇ ವರೆಗಿನ ಸುದ್ದಿಗಳನ್ನು ತೆಗೆದುಕೊಳ್ಳೋಣ.

1. ಬರೆದವರು ಅಲ್ಲಿದ್ದರಾ?

ಮೊದಲು ಕೇಳಬೇಕಾದ್ದು ಇದನ್ನೇ. ವಿಶ್ವಸಂಸ್ಥೆಯ ಸಿಬ್ಬಂದಿ 2008ರ ಸೆಪ್ಟೆಂಬರ್‌ನಲ್ಲೇ ಹುಲಿಗಳ ಆಡಳಿತ ಕೇಂದ್ರವಾಗಿದ್ದ ಕಿಲಿನೊಚ್ಚಿ ಬಿಟ್ಟು ಬಂದಿದ್ದರು. ಸ್ವತಂತ್ರ ಪತ್ರಕರ್ತರನ್ನು ಯುದ್ಧ ವಲಯದೊಳಗೆ ಬಿಡುತ್ತಿರಲಿಲ್ಲ. ಹೋದವರು ಸೇನೆಯ ಜೊತೆಗೇ ಹೋಗಿ, ಸೇನೆ ತೋರಿಸಿದ್ದನ್ನು ನೋಡಿ ಬಂದರು. ರೂಪವಾಹಿನಿ ಟಿವಿ, ಡೈಲಿ ನ್ಯೂಸ್ ಪತ್ರಿಕೆ, ರಕ್ಷಣಾ ಸಚಿವಾಲಯದ ಜಾಲತಾಣ, ಮೂರೂ ಸರ್ಕಾರದ್ದೇ. ಮೂರು ಕಡೆ ಬಂತು ಅಂದ ಮಾತ್ರಕ್ಕೆ ಮೂರು ಸಾಕ್ಷಿ ಆಗುವುದಿಲ್ಲ ಅಲ್ವಾ?

ಪ್ರಶ್ನೆ ಕೇಳುವವರು ಆ ದೇಶದಲ್ಲಿ ಉಳಿದಿದ್ದಾರಾ ಅನ್ನುವುದನ್ನೂ ನೋಡಿ. ಸರ್ಕಾರವನ್ನು ಕಟುವಾಗಿ ಟೀಕಿಸುತ್ತಿದ್ದ ಸಂಪಾದಕ ಲಸಂತ ವಿಕ್ರಮತುಂಗೆ ಅವರನ್ನು 2009ರ ಜನವರಿ 8ರಂದು ಕೊಲಂಬೊ ಬಳಿ ಹಾಡಹಗಲೇ ಕೊಂದರು. ಅದಾದ ಮೇಲೆ ಉಳಿದ ಪತ್ರಿಕೆಗಳು ಸುಮ್ಮನಿದ್ದರೆ ಆ ಮೌನವನ್ನು ಒಪ್ಪಿಗೆ ಎಂದು ಓದಬಾರದು.

2. ಸುಳ್ಳಾದರೆ ಎಷ್ಟು ಬೇಗ ಸಿಕ್ಕಿಬೀಳುತ್ತದೆ?

ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಪಕ್ಕ ಈ ಪ್ರಶ್ನೆ ಹಾಕಿ. ಜನವರಿ 2ರಂದು ಕಿಲಿನೊಚ್ಚಿ ಸೇನೆಯ ಕೈಗೆ ಬಂತು ಎಂದು ಸರ್ಕಾರ ಹೇಳಿತು. ಜನವರಿ 25ರಂದು ಮುಲ್ಲೈತೀವು ಬಂತು ಎಂದಿತು. ಎರಡೂ ನಿಜ. ಊರನ್ನು ಕ್ಯಾಮೆರಾದಲ್ಲಿ ತೋರಿಸಬಹುದು, ಸುಳ್ಳು ಹೇಳಿದರೆ ನಾಳೆಯೇ ಬಯಲಾಗುತ್ತದೆ. ಆದರೆ ಒಳಗೆ ಎಷ್ಟು ಜನ ಸತ್ತರು ಅನ್ನುವುದನ್ನು ಹೋಗಿ ಎಣಿಸುವವರು ಯಾರೂ ಇರಲಿಲ್ಲ. ‘ಒಬ್ಬ ನಾಗರಿಕನೂ ಸಾಯಬಾರದು ಎಂಬುದೇ ನಮ್ಮ ನೀತಿ’ ಎಂದು ಸರ್ಕಾರ ಹೇಳಿದ್ದು ಅಂಥ ಜಾಗದ ಬಗ್ಗೆ.

3. ಕೂಡಿ ಕಳೆದು ನೋಡಿ

ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಈ ಹೆಜ್ಜೆಯ ಮೇಲೆ. ಒಂದು ದಿನದ ಅಂಕಿ ಏನೂ ಹೇಳುವುದಿಲ್ಲ. ಹಳೆಯ ಅಂಕಿಯ ಪಕ್ಕ ಇಟ್ಟಾಗ ಅದು ಮಾತಾಡುತ್ತದೆ.

2007ರ ಕೊನೆಗೆ ಸೇನಾ ಮುಖ್ಯಸ್ಥ ಶರತ್ ಫೊನ್ಸೆಕಾ ಉಳಿದಿರುವ ಹುಲಿಗಳು ಸುಮಾರು 3,000 ಎಂದಿದ್ದರು. ಆಮೇಲೆ ಹದಿನೇಳು ತಿಂಗಳು ಪ್ರತಿದಿನ ಸತ್ತ ಹುಲಿಗಳ ಲೆಕ್ಕ ಬಂತು. ಯುದ್ಧ ಮುಗಿದಾಗ ಹುಲಿಗಳೆಂದು ಹಿಡಿದು ಪುನರ್ವಸತಿ ಕೇಂದ್ರಗಳಿಗೆ ಕಳಿಸಿದವರೇ 11,000ಕ್ಕೂ ಹೆಚ್ಚು. ನಡುವೆ ಬಲವಂತದ ಭರ್ತಿ ಆಗಿತ್ತು, ನಿಜ. ಆದರೂ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಅಂಕಿ ನೋಡಿದರೆ ಸಂಕಟವಾಗುತ್ತದೆ. ಯುದ್ಧದ ನಡುವೆ ಸಿಕ್ಕಿಕೊಂಡವರು ಸುಮಾರು 70,000 ಎಂದು ಸರ್ಕಾರ ಫೆಬ್ರುವರಿಯಲ್ಲಿ ಹೇಳಿತು. ಮೇ ಮುಗಿಯುವಷ್ಟರಲ್ಲಿ ಶಿಬಿರ ಸೇರಿದವರು 2.8 ಲಕ್ಷದ ಆಸುಪಾಸು. ಇದು ಬರೀ ಅಂಕಿಯ ತಪ್ಪಲ್ಲ. ಎಷ್ಟು ಜನರಿಗೆ ಅಕ್ಕಿ, ಎಷ್ಟು ಜನರಿಗೆ ಔಷಧ ಕಳಿಸಬೇಕು ಅನ್ನುವುದು ಆ ಅಂಕಿಯ ಮೇಲೆ ನಿಂತಿತ್ತು.

4. ಕ್ರಿಯಾಪದದ ಮೇಲೆ ಬೆರಳಿಡಿ

ಏಪ್ರಿಲ್ 27ರಂದು ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ನಾಗರಿಕರಿಗೆ ಅಪಾಯವಾಗಬಹುದಾದ ಭಾರಿ ಫಿರಂಗಿ, ಯುದ್ಧವಿಮಾನಗಳ ಬಳಕೆ ನಿಲ್ಲಿಸಲು ಸೇನೆಗೆ ಸೂಚಿಸಲಾಗಿದೆ ಎಂಬುದು ಅದರ ಸಾರಾಂಶ. ‘ನಿಲ್ಲಿಸಲು’ ಅನ್ನುವ ಮಾತನ್ನು ಇನ್ನೊಮ್ಮೆ ಓದಿ. ನಡೆಯದೇ ಇದ್ದದ್ದನ್ನು ಯಾರೂ ನಿಲ್ಲಿಸುವುದಿಲ್ಲ. ಆ ಹೊತ್ತಿಗೆ, ಗುಂಡು ಹಾರಿಸಬಾರದೆಂದು ಸರ್ಕಾರವೇ ಗುರುತಿಸಿದ್ದ ವಲಯದೊಳಗೆ ಸ್ಫೋಟದ ಗುಂಡಿಗಳಿರುವುದನ್ನು ವಿಶ್ವಸಂಸ್ಥೆ ಉಪಗ್ರಹ ಚಿತ್ರಗಳಲ್ಲಿ ಗುರುತಿಸಿತ್ತು. ಸರ್ಕಾರಿ ವರದಿ ತನಗೇ ಇರಿಸುಮುರಿಸು ತರುವ ಸಂಗತಿಯನ್ನು ಹೀಗೆ ಅರಿಯದೆ ಒಪ್ಪಿಕೊಂಡರೆ, ಆ ಸಾಲನ್ನು ಕತ್ತರಿಸಿ ಇಟ್ಟುಕೊಳ್ಳಿ.

5. ಎದುರು ಪಕ್ಷವನ್ನೂ ಇದೇ ತಕ್ಕಡಿಗೆ ಹಾಕಿ

ಸರ್ಕಾರ ಸುಳ್ಳು ಹೇಳಿತು, ಹಾಗಾಗಿ ಹುಲಿಗಳು ಹೇಳಿದ್ದು ಸತ್ಯ ಎಂದಾಗುವುದಿಲ್ಲ. ತಪ್ಪಿಸಿಕೊಂಡು ಹೊರಟ ತಮಿಳರ ಮೇಲೆ ಹುಲಿಗಳೇ ಗುಂಡು ಹಾರಿಸಿದರು, ಮಕ್ಕಳನ್ನು ಯುದ್ಧಕ್ಕೆ ಎಳೆದೊಯ್ದರು. ಅವರ ಪರ ಮಾಧ್ಯಮದಲ್ಲಿ ಇದನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಹುಲಿಗಳ ನಾಯಕ ಪ್ರಭಾಕರನ್ ಸತ್ತ ಎಂದು ಮೇ 18ರಂದು ಸರ್ಕಾರಿ ಟಿವಿ ಸಾರಿತು. ‘ಬದುಕಿದ್ದಾರೆ’ ಎಂದು ಹುಲಿಗಳ ವಕ್ತಾರ ಹೇಳಿದ. ಮೇ 19ರಂದು ನಂದಿಕಡಲ್ ತೀರದಲ್ಲಿ ಸಿಕ್ಕ ದೇಹವನ್ನು ಸರ್ಕಾರ ತೋರಿಸಿತು. ಮೇ 24ರಂದು ಹುಲಿಗಳೂ ಒಪ್ಪಿಕೊಂಡರು. ಇಲ್ಲಿ ಮುಖ್ಯ ಸಂಗತಿಯಲ್ಲಿ ಸರ್ಕಾರವೇ ಸರಿ. ಆದರೆ ಸುನಾಮಿಯಲ್ಲಿ ಆತ ಸತ್ತಿರಬಹುದು ಎಂದು 2005ರ ಜನವರಿಯಲ್ಲಿ ಹೇಳಿದ್ದೂ ಸರ್ಕಾರಿ ರೇಡಿಯೊನೇ. ಅದೇ ತಿಂಗಳು ಆತ ನಾರ್ವೆಯ ವಿದೇಶಾಂಗ ಸಚಿವರನ್ನು ಭೇಟಿಯಾಗಿದ್ದ.

ಅದಕ್ಕೇ ಎರಡೂ ಕಡೆಗೆ ಸೇರದವರನ್ನು ಹುಡುಕಬೇಕು. ರೆಡ್ ಕ್ರಾಸ್ ಹಡಗುಗಳು ಫೆಬ್ರುವರಿಯಿಂದ ಮೇ ವರೆಗೆ ಗಾಯಾಳುಗಳು ಮತ್ತು ಅವರ ಜೊತೆಗಿದ್ದವರು ಸೇರಿ ಸುಮಾರು 14,000 ಜನರನ್ನು ಕರಾವಳಿಯಿಂದ ಸಾಗಿಸಿದವು. ಅಷ್ಟು ಜನ ಹಡಗು ಹತ್ತಿದ ಮೇಲೆ ‘ನಾಗರಿಕರಿಗೆ ತೊಂದರೆ ಆಗಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

6. ಹೇಳುವವರು ಎಲ್ಲಿ ನಿಂತಿದ್ದಾರೆ?

ಒಳಗೆ ಉಳಿದ ಸರ್ಕಾರಿ ವೈದ್ಯರು ಫೋನಿನಲ್ಲಿ ಸಾವುನೋವಿನ ಲೆಕ್ಕ ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೆ ಅವರನ್ನು ಬಂಧಿಸಲಾಯಿತು. ಜುಲೈನಲ್ಲಿ ಅವರನ್ನು ಕೊಲಂಬೊದ ಪತ್ರಿಕಾಗೋಷ್ಠಿಯಲ್ಲಿ ಕೂರಿಸಿದರು. ಹುಲಿಗಳ ಒತ್ತಡಕ್ಕೆ ಹೆಚ್ಚಿಸಿ ಹೇಳಿದೆವು ಎಂದರು. ಮೊದಲು ಮಾತಾಡಿದಾಗ ಸುತ್ತ ಹುಲಿಗಳಿದ್ದರು, ಎರಡನೇ ಸಲ ಪೊಲೀಸರಿದ್ದರು. ಆ ವೈದ್ಯರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಓದುಗರಾದ ನಾವು ಎರಡೂ ಹೇಳಿಕೆಗಳ ಪಕ್ಕ ‘ಮುಕ್ತವಾಗಿ ಹೇಳಿದ್ದಲ್ಲ’ ಎಂದು ಬರೆದುಕೊಂಡು, ಹಡಗಿನ ಲೆಕ್ಕದ ಜೊತೆ ತಾಳೆ ನೋಡಬೇಕು.

7. ಹಳೆಯ ಪುಟಕ್ಕೆ ಮತ್ತೆ ಬನ್ನಿ

ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ಅಂದು ಹೇಳಿದ್ದು, ದಿನಾಂಕ ಸಮೇತ. ಬಲಗಡೆ ಖಾಲಿ ಬಿಡಿ, ಆಮೇಲೆ ಗೊತ್ತಾದದ್ದನ್ನು ಬರೆಯಲು. ‘ಸತ್ತ ನಾಗರಿಕರು’ ಎಂಬ ಸಾಲಿನ ಬಲಕ್ಕೆ 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಮಾತು ಬಂತು: 40,000 ವರೆಗೂ ಇರಬಹುದು. ಅದೇ ವರ್ಷದ ಕೊನೆಗೆ ಶ್ರೀಲಂಕಾ ಸರ್ಕಾರವೇ ನೇಮಿಸಿದ್ದ ಆಯೋಗ ನಾಗರಿಕರು ಸತ್ತದ್ದು ನಿಜ ಎಂದು ಒಪ್ಪಿತು. ಎಷ್ಟು ಜನ ಅನ್ನುವುದರ ಬಗ್ಗೆ ಎಲ್ಲರೂ ಒಪ್ಪುವ ಅಂಕಿ ಇನ್ನೂ ಬಂದಿಲ್ಲ. ಅಲ್ಲಿ ಜಾಗ ಬಿಟ್ಟಿರಿ.