ಮಕ್ಕಳ ಅಳತೆಗೆ ಹೊಂದುವ ತೊಡೆ ಪ್ಯಾಡ್: ತ್ರೀಡಿ ಪ್ರಿಂಟರ್‌ನಲ್ಲಿ ಮಾಡುವ ಬಗೆ

ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕ್ರಿಕೆಟ್ ನೆಟ್ಸ್‌ನಲ್ಲಿ ಕಟ್ಟಿಕೊಳ್ಳುವ ತೊಡೆ ಪ್ಯಾಡ್ ಹೆಚ್ಚಿನ ಸಲ ದೊಡ್ಡವರ ಅಳತೆಯದೇ ಆಗಿರುತ್ತದೆ. ಕೆಳಗಿನ ಅಂಚು ಕಾಲಿನ ಪ್ಯಾಡಿಗೆ ತಾಗುತ್ತದೆ, ಮೇಲಿನದು ತೊಡೆಸಂದಿಗೆ ಒತ್ತುತ್ತದೆ, ನಾಲ್ಕು ರನ್ ಓಡಿದರೆ ಇಡೀ ಪ್ಯಾಡ್ ಹಿಂದಕ್ಕೆ ತಿರುಗಿ, ಚೆಂಡು ಬಡಿಯುವ ಜಾಗವೇ ಬರಿದಾಗುತ್ತದೆ. ಒಂದೊಂದು ಮಗುವಿಗೂ ಬೇರೆ ಅಳತೆ ಬೇಕಾದ ಇಂಥ ಕಡೆ ತ್ರೀಡಿ ಪ್ರಿಂಟರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ನೇರವಾಗಿ ಪ್ಯಾಡನ್ನೇ ಪ್ರಿಂಟ್ ಮಾಡಲು ಕೂರಬೇಡಿ. ಮೊದಲು ಚಿಕ್ಕ ತುಂಡುಗಳನ್ನು ಪ್ರಿಂಟ್ ಮಾಡಿ ಅವುಗಳಿಗೆ ಪೆಟ್ಟು ಕೊಟ್ಟು ನೋಡಿ. ಈ ಕೆಲಸದ ಮುಕ್ಕಾಲು ಪಾಲು ಅಲ್ಲೇ ಇದೆ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಹೆಲ್ಮೆಟ್, ಅದರ ಗ್ರಿಲ್, ಅಬ್ಡಾಮಿನಲ್ ಗಾರ್ಡ್ ಇವುಗಳನ್ನು ಮನೆಯಲ್ಲಿ ಪ್ರಿಂಟ್ ಮಾಡಲೇಬಾರದು. ಹೆಲ್ಮೆಟ್ ಆದರೆ ಬಿಎಸ್ 7928:2013 (ಕ್ರಿಕೆಟ್ ಹೆಲ್ಮೆಟ್‌ಗಳ ಬ್ರಿಟಿಷ್ ಮಾನದಂಡ) ಗುರುತು ಇರುವುದನ್ನೇ ಕೊಳ್ಳಿ. ತೊಡೆ ಪ್ಯಾಡ್ ಸೋತರೆ ಚರ್ಮ ಕಂದುಗಟ್ಟೀತು, ತಲೆಯ ವಿಷಯ ಹಾಗಲ್ಲ.

ಅಳತೆ ಮತ್ತು ವಿನ್ಯಾಸ

ಮಗು ನೆಟ್ಟಗೆ ನಿಂತಾಗ ಅಳೆಯಬೇಡಿ. ಬ್ಯಾಟ್ ಹಿಡಿದು ಸ್ಟಾನ್ಸ್‌ನಲ್ಲಿ ನಿಂತಾಗ ತೊಡೆಯ ಸ್ನಾಯು ಉಬ್ಬುತ್ತದೆ, ಬೇಕಾದದ್ದು ಆ ಅಳತೆ. ಮಂಡಿಚಿಪ್ಪಿನಿಂದ 10 ಸೆಂ.ಮೀ. ಮೇಲೆ ಒಮ್ಮೆ, 20 ಸೆಂ.ಮೀ. ಮೇಲೆ ಒಮ್ಮೆ ಸುತ್ತಳತೆ ತೆಗೆದುಕೊಳ್ಳಿ. ಬಲಗೈ ಆಟಗಾರ್ತಿಗೆ ಎಡತೊಡೆಯ ಹೊರಬದಿ ಮುಖ್ಯ. ಹಳೆಯ ಪತ್ರಿಕೆಯನ್ನು ಆ ಆಕಾರಕ್ಕೆ ಕತ್ತರಿಸಿ, ಟೇಪ್‌ನಿಂದ ಅಂಟಿಸಿ, ಮಗುವನ್ನು ಓಡಲು, ಬಾಗಲು, ಸ್ವೀಪ್ ಆಡಲು ಹೇಳಿ. ಕಾಗದ ಎಲ್ಲಿ ಸುಕ್ಕುಗಟ್ಟಿತೋ ಅಲ್ಲಿ ಕತ್ತರಿ ಆಡಿಸಿ.

ಪ್ಯಾಡನ್ನು ಒಂದೇ ಹಲಗೆಯಾಗಿ ಮಾಡದೆ ಉದ್ದುದ್ದ ಪಟ್ಟಿಗಳಾಗಿ ಒಡೆಯಿರಿ. ಚಿಕ್ಕ ಮಗುವಿಗೆ 40 ಮಿ.ಮೀ. ಅಗಲ, 180 ಮಿ.ಮೀ. ಉದ್ದ, 18 ಮಿ.ಮೀ. ದಪ್ಪದ ನಾಲ್ಕು ಪಟ್ಟಿ ಸಾಕು, ನಡುವೆ 3 ಮಿ.ಮೀ. ಸಂದು ಇರಲಿ. ಹೀಗೆ ಒಡೆದರೆ 220 ಮಿ.ಮೀ. ಬೆಡ್ (ಪ್ರಿಂಟ್ ಕೂರುವ ತಟ್ಟೆ) ಇರುವ ಸಾಮಾನ್ಯ ಪ್ರಿಂಟರ್‌ನಲ್ಲೇ ಕೆಲಸ ಆಗುತ್ತದೆ, ಪ್ಯಾಡ್ ತೊಡೆಯ ಸುತ್ತ ತಾನಾಗಿ ಬಾಗುತ್ತದೆ, ಒಂದು ಪಟ್ಟಿ ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಫ್ರೀಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಪಟ್ಟಿ ಬರೆಯುವಾಗ ಎಲ್ಲ ಅಂಚುಗಳಿಗೂ 3 ಮಿ.ಮೀ. ದುಂಡು ಕೊಡಿ. ಚೂಪು ಅಂಚು ಬೆವರಿದ ಚರ್ಮವನ್ನು ಒಂದೇ ಸೆಷನ್‌ನಲ್ಲಿ ಉಜ್ಜಿಬಿಡುತ್ತದೆ.

ಪ್ರಿಂಟ್

ವಸ್ತು ಟಿಪಿಯು 95ಎ, ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ (95ಎ ಅದರ ಗಡಸುತನದ ಅಂಕಿ). ಸಾಮಾನ್ಯವಾಗಿ ಬಳಸುವ ಗಡಸು ಪ್ಲಾಸ್ಟಿಕ್ ಪಿಎಲ್‌ಎ ಬೇಡ: ಪೆಟ್ಟು ಬಿದ್ದರೆ ಚೂಪು ಚೂರುಗಳಾಗಿ ಒಡೆಯುತ್ತದೆ, 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಂತ ಕಾರಿನ ಕಿಟ್‌ಬ್ಯಾಗಲ್ಲಿ ಸೊಟ್ಟಗಾಗುತ್ತದೆ. ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಎಳೆಯನ್ನು ತಳ್ಳುವ ಭಾಗ) ಡೈರೆಕ್ಟ್ ಡ್ರೈವ್, ಅಂದರೆ ಕರಗಿದ ಪ್ಲಾಸ್ಟಿಕ್ ಹೊರಬರುವ ನಾಜಲ್‌ನ ಮೇಲೆಯೇ ಕೂತಿರುವಂಥದು ಇರಲಿ, ಉದ್ದ ಟ್ಯೂಬಿನಲ್ಲಿ ಟಿಪಿಯು ರಬ್ಬರಿನಂತೆ ಹಿಂದಕ್ಕೆ ಮುಂದಕ್ಕೆ ಎಳೆಯುತ್ತದೆ.

ನಾಜಲ್ 0.4 ಮಿ.ಮೀ., 230 ಡಿಗ್ರಿ. ಬೆಡ್ 45 ಡಿಗ್ರಿ. ಪದರ 0.25, ಗೆರೆಯ ಅಗಲ 0.45, ವೇಗ ಸೆಕೆಂಡಿಗೆ 25 ಮಿ.ಮೀ., ರಿಟ್ರ್ಯಾಕ್ಷನ್ (ಎಳೆಯನ್ನು ಹಿಂದಕ್ಕೆ ಸೆಳೆಯುವ ಉದ್ದ) 0.8 ಮಿ.ಮೀ., ಫ್ಯಾನ್ ಶೇ. 40. ಗೋಡೆ ಎರಡು ಸುತ್ತು. ಕೆಳಗೆ 8 ಗಟ್ಟಿ ಪದರ, ಅಂದರೆ 2 ಮಿ.ಮೀ. ಹೊರಮೈ. ಪೆಟ್ಟನ್ನು ಅಗಲಕ್ಕೆ ಹರಡುವುದು ಇದೇ. ಮೇಲಿನ ಪದರ ಸೊನ್ನೆ: ತೊಡೆಯ ಕಡೆ ಜಾಲರಿ ತೆರೆದೇ ಇರಲಿ, ಗಾಳಿ ಆಡುತ್ತದೆ, ನಲ್ಲಿ ಕೆಳಗೆ ತೊಳೆಯಬಹುದು. ಒಳಗೆ ತುಂಬಲು ಗೈರಾಯ್ಡ್ ಎಂಬ ಅಲೆಅಲೆಯ ಜಾಲರಿ ವಿನ್ಯಾಸವನ್ನೇ ಆರಿಸಿ. ಅದರಲ್ಲಿ ಒಂದೇ ಪದರದ ಗೆರೆಗಳು ಒಂದನ್ನೊಂದು ದಾಟುವುದಿಲ್ಲ, ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಕುಗ್ಗುತ್ತದೆ. ಪಟ್ಟಿಯನ್ನು ಮಲಗಿಸಿಯೇ ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದರೆ ಪೆಟ್ಟು ಬಿದ್ದಾಗ ಪಟ್ಟಿ ಬಾಗಿ ಪದರದಿಂದ ಪದರ ಬಿಟ್ಟುಕೊಳ್ಳುತ್ತದೆ. ಒಳಜಾಗದ ಶೇ. 15 ತುಂಬಿದರೆ ಒಂದು ಪಟ್ಟಿಗೆ ಸುಮಾರು 45 ಗ್ರಾಂ ತಗಲುತ್ತದೆ, ನಾಲ್ಕು ತಾಸಿಗೂ ಮೇಲೆ ಹಿಡಿಯುತ್ತದೆ.

ಕೆಡುವುದು ಬಹುಪಾಲು ತೇವದಿಂದ. ನಾಜಲ್‌ನಿಂದ ಸಾಸಿವೆ ಸಿಡಿದಂತೆ ಚಟಚಟ ಸದ್ದು, ಜೇಡರ ಬಲೆಯಂಥ ಎಳೆ, ಗೋಡೆಯಲ್ಲಿ ಸೂಜಿತೂತು ಕಂಡರೆ ಫಿಲಮೆಂಟ್ (ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ಎಳೆ) ನೀರು ಕುಡಿದಿದೆ ಎಂದೇ ಅರ್ಥ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಒಂದು ರಾತ್ರಿ ಹೊರಗಿಟ್ಟರೂ ಸಾಕು. 55 ಡಿಗ್ರಿಯಲ್ಲಿ ಆರು ತಾಸು ಒಣಗಿಸಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಿಂದಲೇ ನೇರವಾಗಿ ಪ್ರಿಂಟರ್‌ಗೆ ಎಳೆದುಕೊಳ್ಳಿ. ಇನ್ನೊಂದು ತೊಂದರೆ ಬೆಡ್‌ನದು. ಬೆಡ್ ಮೇಲಿನ ನುಣುಪು ಪಿಇಐ ಪ್ಲಾಸ್ಟಿಕ್ ಹಾಳೆಗೆ ಟಿಪಿಯು ಅಂಟಿದರೆ ಹಾಳೆಯ ಮೇಲ್ಮೈಯನ್ನೇ ಕಿತ್ತುಕೊಂಡು ಬರುತ್ತದೆ, ಆದ್ದರಿಂದ ಮೊದಲು ಗ್ಲೂಸ್ಟಿಕ್ ಸವರಿ. ಇಲ್ಲಿ ಅಂಟು ಹಾಕುವುದು ಹಿಡಿಯಲಿ ಎಂದಲ್ಲ, ಬಿಡಲಿ ಎಂದು.

ಪೆಟ್ಟಿನ ಪರೀಕ್ಷೆ

60×60×18 ಮಿ.ಮೀ. ಅಳತೆಯ ತುಂಡುಗಳನ್ನು ಶೇ. 8, 12, 16, 20, 25 ತುಂಬಿ ಪ್ರಿಂಟ್ ಮಾಡಿ, ಒಂದೊಂದರಲ್ಲೂ ಮೂರು. ಮಿಕ್ಕ ಸೆಟ್ಟಿಂಗ್ ಎಲ್ಲವೂ ಒಂದೇ ಇರಲಿ.

ಬಡಿಯುವ ಸಾಧನಕ್ಕೆ ಹಾರ್ಡ್‌ವೇರ್ ಅಂಗಡಿಯ ಪೈಪ್ ಸಾಕು. ಒಂದಡಿ ಉದ್ದದ 90 ಮಿ.ಮೀ. ಪಿವಿಸಿ ಪೈಪ್‌ಗೆ ಎರಡೂ ಕಡೆ ಕ್ಯಾಪ್ ಹಾಕಿ. ಹಳೆಯ ಲೆದರ್ ಬಾಲನ್ನು ಗರಗಸದಿಂದ ಅರ್ಧ ಮಾಡಿ, ಆ ಹೋಳನ್ನು ಕೆಳಗಿನ ಕ್ಯಾಪಿಗೆ ಎಪಾಕ್ಸಿಯಿಂದ ಕೂರಿಸಿ. ಒಟ್ಟು ತೂಕ 2.5 ಕಿಲೋ ಆಗುವವರೆಗೆ ಒಣ ಮರಳು ತುಂಬಿ. ಇದು 110 ಮಿ.ಮೀ. ಪೈಪಿನೊಳಗೆ ನೆಟ್ಟಗೆ ಜಾರಬೇಕು. ಹೊರಪೈಪಿಗೆ ಉದ್ದಕ್ಕೂ ತೂತು ಕೊರೆಯಿರಿ, ಇಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿ ತೂಕವನ್ನು ತಡೆಯುತ್ತದೆ. 1.5 ಮೀಟರ್ ಎತ್ತರದಿಂದ ಬಿಟ್ಟರೆ ಸುಮಾರು 37 ಜೂಲ್ ಶಕ್ತಿ. 140 ಗ್ರಾಂನ ಜೂನಿಯರ್ ಚೆಂಡು ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂದಾಗ ಇರುವುದು ಸುಮಾರು 35 ಜೂಲ್.

ತುಂಡಿನ ಕೆಳಗೆ 30 ಮಿ.ಮೀ. ದಪ್ಪದ ಎಣ್ಣೆ ಜೇಡಿ ಇರಲಿ, ಮಕ್ಕಳು ಗೊಂಬೆ ಮಾಡುವಂಥದೇ. ಅದು ಬಿಸಿಲೇರಿದಂತೆ ಮೆತ್ತಗಾಗುತ್ತದೆ. ಹಾಗಾಗಿ ಪ್ರತಿ ಸರದಿಗೂ ಮೊದಲು ತುಂಡಿಲ್ಲದೆ 30 ಸೆಂ.ಮೀ. ಎತ್ತರದಿಂದ ಒಮ್ಮೆ ಬಿಟ್ಟು, ಕುಳಿಯ ಆಳ ಹಿಂದಿನಷ್ಟೇ ಬಂದಿದೆಯೇ ನೋಡಿ. ಬಾರದಿದ್ದರೆ ಆ ಹೊತ್ತಿನ ಅಂಕಿಗಳನ್ನು ಹಿಂದಿನವುಗಳ ಜೊತೆ ಹೋಲಿಸಬೇಡಿ.

ವರ್ನಿಯರ್‌ನಿಂದ ಆಳ ಅಳೆಯಿರಿ, ಕುಳಿಯ ಆಕಾರವನ್ನೂ ಕಣ್ಣಿಟ್ಟು ನೋಡಿ. ನಡುವೆ ಕಿರಿದಾಗಿ ಆಳಕ್ಕೆ ಇಳಿದಿದ್ದರೆ ಜಾಲರಿ ಪೂರ್ತಿ ಚಪ್ಪಟೆಯಾಗಿ ತಳ ತಾಕಿದೆ, ಇನ್ನಷ್ಟು ತುಂಬಬೇಕು. ತುಂಡಿನ ಚೌಕದ ಅಂಚೇ ಜೇಡಿಯಲ್ಲಿ ಅಚ್ಚೊತ್ತಿದ್ದರೆ ಅದು ಕುಗ್ಗಲೇ ಇಲ್ಲ, ಪೆಟ್ಟನ್ನು ಹಾಗೇ ಕೆಳಗೆ ದಾಟಿಸಿದೆ. ಅಗಲವಾಗಿ, ತಟ್ಟೆಯಂತೆ ತೆಳುವಾಗಿ ಇಳಿದದ್ದು ಸರಿಯಾದದ್ದು. ಗಟ್ಟಿಯಾದಷ್ಟೂ ಸುರಕ್ಷಿತ ಎಂದು ಶೇ. 40 ತುಂಬುವವರು ಎಡವುವುದು ಇಲ್ಲೇ.

ಗೆದ್ದ ತುಂಡಿಗೆ ಅದೇ ಎತ್ತರದಿಂದ 50 ಪೆಟ್ಟು ಕೊಡಿ. ಒಂದು ತಾಸು ಬಿಟ್ಟು ದಪ್ಪ ಅಳೆದಾಗ 17 ಮಿ.ಮೀ.ಗಿಂತ ಕಡಿಮೆಯಿದ್ದರೆ ಅದನ್ನು ಬಿಟ್ಟು ಮುಂದಿನ ಅಂಕಿಗೆ ಹೋಗಿ. ಒಂದು ಮಾತು ನೆನಪಿರಲಿ: ಬೀಳುವ ತೂಕದ ವೇಗ ಸೆಕೆಂಡಿಗೆ 5.4 ಮೀಟರ್ ಮಾತ್ರ, ಚೆಂಡಿನದು 22. ವೇಗ ಹೆಚ್ಚಿದಂತೆ ಟಿಪಿಯು ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಈ ಪರೀಕ್ಷೆ ತುಂಡು ತುಂಡಿನ ನಡುವೆ ಆರಿಸಲಿಕ್ಕಷ್ಟೇ, ಪ್ರಮಾಣಪತ್ರಕ್ಕೆ ಸಮವಲ್ಲ. ಎರಡು ತುಂಡುಗಳ ಫಲ ಹತ್ತಿರ ಬಂದರೆ ಮೆತ್ತಗಿರುವುದನ್ನೇ ಆರಿಸಿ.

ಹೊಲಿಗೆ ಮತ್ತು ಮೈದಾನ

ಲೈಕ್ರಾ ಬಟ್ಟೆಯಲ್ಲಿ ನಾಲ್ಕು ಜೇಬು ಹೊಲಿಸಿ, ಟೈಲರ್‌ಗೆ ಪಟ್ಟಿಗಳನ್ನೇ ಕೊಟ್ಟುಬಿಡುವುದು ಒಳ್ಳೆಯದು. ತೊಡೆಯ ಕಡೆ 5 ಮಿ.ಮೀ. ಇವಿಎ ಫೋಮ್ ಇರಲಿ, ಬೆವರು ಹೊರಹೋಗಲು ಅದಕ್ಕೆ ಪಂಚ್‌ನಿಂದ ತೂತು ಹೊಡೆಯಿರಿ. ಎರಡು 40 ಮಿ.ಮೀ. ಎಲಾಸ್ಟಿಕ್ ವೆಲ್ಕ್ರೊ ಪಟ್ಟಿ ತೊಡೆಗೆ, ಒಂದು ಸೊಂಟಕ್ಕೆ. ಸೊಂಟದ ಪಟ್ಟಿ ಬಿಟ್ಟರೆ ಪ್ಯಾಡ್ ಜಾರಿ ಮಂಡಿಗೆ ಬರುತ್ತದೆ.

ಮಗುವಿಗೆ ಕಟ್ಟುವ ಮುಂಚೆ ಮರಳುಚೀಲಕ್ಕೆ ಕಟ್ಟಿ ಲೆದರ್ ಬಾಲ್‌ನಿಂದ ಹೊಡೆಯಿರಿ, ಎರಡು ಪಟ್ಟಿಯ ನಡುವಿನ ಸಂದಿಗೂ ಗುರಿಯಿಟ್ಟು ಹೊಡೆಯಿರಿ. ಸಂದಿನಲ್ಲಿ ಪೆಟ್ಟು ಇಳಿದರೆ ಪಟ್ಟಿಗಳ ಅಂಚನ್ನು ಓರೆಯಾಗಿ ಒಂದರ ಮೇಲೊಂದು ಬರುವಂತೆ ತಿದ್ದಿ. ಮೊದಲ ಕೆಲವು ಸೆಷನ್ ಅಂಗಡಿಯ ತೆಳು ಪ್ಯಾಡಿನ ಮೇಲೆಯೇ ಇದನ್ನು ಕಟ್ಟಿ ಆಡಿಸಿ, ಚೆಂಡೂ ಮೊದಲು ಟೆನಿಸ್, ಆಮೇಲೆ ಲೆದರ್. ತಿಂಗಳಿಗೊಮ್ಮೆ ಪಟ್ಟಿಗಳನ್ನು ಹೊರತೆಗೆದು ಬಾಗಿಸಿ ನೋಡಿ. ಗೋಡೆಯಲ್ಲಿ ಬಿಳಿ ಗೆರೆ ಅಥವಾ ಪದರ ಬಿಟ್ಟ ಬಿರುಕು ಕಂಡ ಪಟ್ಟಿಯನ್ನು ಅಂಟು ಹಾಕಿ ಉಳಿಸಿಕೊಳ್ಳಬೇಡಿ, ಹೊಸದನ್ನು ಪ್ರಿಂಟ್ ಮಾಡಿ ಹಾಕಿ.